ರೈಟರ್ ಮನೆಯ ಜಗಲಿಗೆ ಮುಚ್ಚಿಗೆ ಹಾಕಿಸಿದ್ದು

ನಮ್ಮ ಕ್ವಾರ್ಟರ್ಸಿನ ಜಗಲಿಗೆ ಮುಚ್ಚಿಗೆ ಎಂಬುದೊಂದು ಇತ್ತು. ಇತ್ತು ಎಂದು ಹೇಳಬೇಕಷ್ಟೆ. ಮೇಲಿನ ಹೆಂಚು ಕಾಣದಿರಲೆಂದು ಯಾರೋ ಹಿಂದಿನವರು ಬಿದಿರಿನ ತಟ್ಟಿ ಕಟ್ಟಿ, ಅದರ ಕೆಳಮೈಗೆ ಗೋಣಿತಾಟು ಹೊಲಿದು, ಸುಣ್ಣ ಬಳಿಸಿದ್ದರು. ನಾನು ಮದುವೆಯಾಗಿ ಆ ಮನೆಗೆ ಬರುವ ಹೊತ್ತಿಗೇ ಅದು ಅಲ್ಲಲ್ಲಿ ಹೊಟ್ಟೆ ಬಿಟ್ಟುಕೊಂಡು ಜೋತುಬಿದ್ದಿತ್ತು. ವರ್ಷಕ್ಕೊಮ್ಮೆ ಎಸ್ಟೇಟಿನ ಆಳು ಬಂದು ಅದರ ಮೇಲೇ ಮತ್ತೆ ಸುಣ್ಣ ಬಳಿದು ಹೋಗುತ್ತಿದ್ದ. ಸುಣ್ಣದ ಭಾರಕ್ಕೆ ಹೊಟ್ಟೆ ಇನ್ನಷ್ಟು ಇಳಿಯುತ್ತಿತ್ತು.

ಬಿಳಿ ದೊರೆಗಳ ಕಾಲದ ಮಾತು ಇದು. ಕುಟ್ಟದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಮ್ಮ ಯಜಮಾನರು ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಆಳುಗಳ ಸಾಲುಮನೆಗಳಲ್ಲಿ ಯಾವ ಲೈನಿನವರು ಯಾವ ಕಡೆ ಹಣ್ಣು ಕೊಯ್ಯುವ ಪಿಕಿಂಗಿಗೆ ಹೋಗಬೇಕೆಂದು ಹೇಳುವುದು, ಗೋದಾಮಿನ ಬೀಗ ತೆಗೆಯುವುದು, ಹಾಕುವುದು, ಇಷ್ಟೂ ಅವರ ಕೆಲಸ. ಗೋದಾಮಿನ ಬೀಗದ ಕೈಗಳ ಗೊಂಚಲು ಸದಾ ಅವರ ಸೊಂಟದಲ್ಲಿರುತ್ತಿತ್ತು. ಸ್ನಾನಕ್ಕೆ ಹೋಗುವಾಗ ನನ್ನ ಕೈಗೆ ಕೊಟ್ಟು, ಬಂದ ಕೂಡಲೇ ಇಸಿದುಕೊಳ್ಳುತ್ತಿದ್ದರು. ನಾವು ಶನಿವಾರಸಂತೆ ಕಡೆಯವರು, ಲಿಂಗಾಯತರು, ಗದ್ದೆ ಹೊಲ ಮಾಡಿಕೊಂಡಿದ್ದ ಜನ. ಕುಟ್ಟಕ್ಕೆ ಬಂದರೆ ಸುತ್ತ ಮಲಯಾಳ, ತಮಿಳು, ಕೊಡವ ಮಾತು. ಮೊದಲ ಆರು ತಿಂಗಳು ನನಗೆ ಒಂದೂ ತಿಳಿಯದೆ ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟು ದಿನ ನಾನು ಸುಮ್ಮನಿದ್ದದ್ದು ಅದೇ ಮೊದಲು, ಅದೇ ಕೊನೆ.

ಜಗಲಿ ಎಂದರೆ ನಮ್ಮ ಮನೆಯ ಅರ್ಧಭಾಗ. ಒಂದು ತುದಿಯಲ್ಲಿ ಯಜಮಾನರ ಮೇಜು. ಚೀಟಿ ಬೇಕಾದವರು, ಜ್ವರದ ಗುಳಿಗೆ ಬೇಕಾದವರು, ಜಗಳ ಬಗೆಹರಿಸಿಕೊಳ್ಳಬೇಕಾದವರು ಎಲ್ಲರೂ ಅಲ್ಲಿಗೇ ಬರುತ್ತಿದ್ದರು. ಇನ್ನೊಂದು ತುದಿಯಲ್ಲಿ ನಮ್ಮ ಅತ್ತೆ ಕಾಲು ಚಾಚಿ ಕೂತು, ಬಂದುಹೋಗುವವರನ್ನೆಲ್ಲ ತೂಕ ಹಾಕುತ್ತಿದ್ದರು. ಈ ಎರಡೂ ತುದಿಗಳ ಮೇಲೆ ಮುಚ್ಚಿಗೆಯಿಂದ ಸುಣ್ಣದ ಚಕ್ಕೆ, ಮಣ್ಣು, ಗೆದ್ದಲಿನ ಪುಡಿ ಎಲ್ಲವೂ ಉದುರುತ್ತಿದ್ದವು. ಒಂದು ದಿನ ಅತ್ತೆ ಅಕ್ಕಿರೊಟ್ಟಿ ತಿನ್ನುತ್ತಿದ್ದಾಗ ತಟ್ಟೆಗೆ ಟಪ್ ಎಂದು ಏನೋ ಬಿತ್ತು. ನೋಡಿದರೆ ಕಾಫಿ ಬೀಜ. ಅದಕ್ಕೆ ಅಂಟಿದ್ದು ಏನೆಂದು ನಾನು ಇಲ್ಲಿ ಬರೆಯುವುದಿಲ್ಲ, ಅತ್ತೆಗೂ ಹೇಳಲಿಲ್ಲ. ಅವರಿಗೇ ತಿಳಿಯಿತು. ತಟ್ಟೆ ದೂರ ತಳ್ಳಿ, "ಇವತ್ತಿಂದ ಈ ಮುಚ್ಚಿಗೆ ಕೆಳಗೆ ನಾ ನೀರೂ ಕುಡಿಯಾಕಿಲ್ಲ" ಎಂದು ಎದ್ದುಹೋದರು.

ಇದು ಮುಚ್ಚಿಗೆಯ ಮೇಲೆ ಸೇರಿಕೊಂಡಿದ್ದ ಕಬ್ಬೆಕ್ಕಿನ, ಅಂದರೆ ಪುನುಗಿನ ಜಾತಿಯ ಕಾಡುಬೆಕ್ಕಿನ, ಕೆಲಸ. ಕಾಫಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬೆಕ್ಕು ಗಿಡದಲ್ಲಿ ಚೆನ್ನಾಗಿ ಮಾಗಿದ ಹಣ್ಣನ್ನೇ ಆರಿಸಿ ತಿನ್ನುತ್ತದೆ. ಹಣ್ಣಿನ ತಿರುಳು ಅದರ ಹೊಟ್ಟೆಗೆ, ಬೀಜ ಮಾತ್ರ ಹೊಟ್ಟಿನ ಸಮೇತ ಹಾಗೇ ಹಿಕ್ಕೆಯಲ್ಲಿ ಹೊರಗೆ. ತೋಟದಲ್ಲಿ ಬಂಡೆಯ ಮೇಲೆ, ಬಿದ್ದ ಮರದ ಮೇಲೆ ಅದು ಹಾಕಿಹೋದದ್ದನ್ನು ಪಿಕಿಂಗಿನ ಹೆಂಗಸರು ಮೂಗು ಮುರಿಯದೆ ಬಾಚಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ತೊಳೆದರೆ ಅದೂ ಕಾಫಿಯೇ. ಹಳೆಯ ದೊರೆಗೂ ಇದು ಗೊತ್ತಿತ್ತು. ಆದರೆ ಅವರು ಹೋಗಿ ಹೊಸ ದೊರೆ ಬಂದಿದ್ದರು, ಸಿಲೋನಿನ ಟೀ ತೋಟದಿಂದ. ಟೀ ಗಿಡವನ್ನು ಯಾವ ಬೆಕ್ಕೂ ತಿನ್ನುವುದಿಲ್ಲವಲ್ಲ.

ಆ ವರ್ಷ ಇನ್ನೊಂದು ತಲೆನೋವು ಹುಟ್ಟಿಕೊಂಡಿತ್ತು. ಹಣ್ಣು ಸುಲಿದು, ತೊಳೆದು, ಕಣದಲ್ಲಿ ಒಣಗಲು ಹರಡಿದ ಬೀಜಕ್ಕೆ ಎಸ್ಟೇಟಿನಲ್ಲಿ ಪಾರ್ಚ್‌ಮೆಂಟ್ ಎನ್ನುತ್ತಿದ್ದರು. ಆ ಪಾರ್ಚ್‌ಮೆಂಟ್ ಕಣದಿಂದ ಕಳವಾಗತೊಡಗಿತ್ತು. ದೊರೆ ಕಣದ ಕಾವಲಿನವನನ್ನು ಓಡಿಸಿದರು. ಚೀಟಿಯಿಲ್ಲದೆ ಯಾರ ಹತ್ತಿರ ಹಿಡಿ ಕಾಫಿ ಸಿಕ್ಕಿದರೂ ಸರಿ, ಅವನು ಆಳಾಗಲಿ ಸ್ಟಾಫ್ ಆಗಲಿ, ಅಂದೇ ಕೆಲಸದಿಂದ ವಜಾ, ಮೇಲೆ ಪೊಲೀಸು ಕೇಸು ಎಂದು ಹುಕುಂ ಮಾಡಿದರು. ಆ ಹುಕುಮನ್ನು ಬೆಳಗಿನ ಹಾಜರಿಯಲ್ಲಿ ಎಲ್ಲ ಲೈನಿನವರ ಮುಂದೆ ಗಟ್ಟಿಯಾಗಿ ಓದಿದವರು ನಮ್ಮ ಯಜಮಾನರೇ.

ರೊಟ್ಟಿಯ ಪ್ರಸಂಗವಾದ ಮೇಲೆ ಹಲಗೆಯ ಮುಚ್ಚಿಗೆ ಹಾಕಿಸಿ ಎಂದು ನಾನು ಯಜಮಾನರ ಬೆನ್ನು ಬಿಡಲಿಲ್ಲ. ಅವರು ದೊರೆಯನ್ನು ಕೇಳಲು ಹಿಂದೆ ಮುಂದೆ ನೋಡಿದರು. ತಮಗಾಗಿ ಏನನ್ನಾದರೂ ಕೇಳುವುದೆಂದರೆ ಅವರಿಗೆ ನಾಲಿಗೆ ಏಳುತ್ತಿರಲಿಲ್ಲ. ಕೊನೆಗೆ ಕೇಳಿದರು. ಪಿಕಿಂಗ್ ಮುಗಿದಿತ್ತು, ಎಸ್ಟೇಟಿನ ಬಡಗಿ ಆಚಾರಿಗೂ ಕೆಲಸ ಕಡಿಮೆಯಿತ್ತು, ದೊರೆ ಹ್ಞೂಂ ಎಂದರು.

ಆಚಾರಿ ಗಡಿಯಾಚೆಯವನು, ಮಲಯಾಳಿ. ಎಸ್ಟೇಟಿನ ಬಾಗಿಲು ಕಿಟಕಿಗಳೆಲ್ಲ ಅವನದೇ. ಯಜಮಾನರಿಗೆ ಮೇಜು ಇಡಲು ಜಾಗ ಬೇಕಾದ್ದರಿಂದ ಅವನು ಅರ್ಧರ್ಧ ಕೆಲಸ ಮಾಡುವುದೆಂದು ಆಯಿತು. ಮೊದಲು ಅತ್ತೆಯ ಕಡೆಯ ಅರ್ಧ ಬಿಚ್ಚಿ ಹಲಗೆ ಹೊಡೆಯುವುದು, ಆಮೇಲೆ ಮೇಜಿನ ಕಡೆಯದು. ಸೋಮವಾರ ಬೆಳಿಗ್ಗೆ ಬಂದವನು ಏಣಿ ಹತ್ತಿ, ತಟ್ಟಿ ಕಟ್ಟಿದ್ದ ಹಗ್ಗವನ್ನು ಕತ್ತಿಯಿಂದ ಎರಡು ಕಡೆ ಕೊಯ್ದ. ಮೂರನೆಯ ಹಗ್ಗಕ್ಕೆ ಕತ್ತಿ ಹಾಕುವ ಮೊದಲೇ ತಟ್ಟಿ ತಾನಾಗಿ ಬಾಯ್ಬಿಟ್ಟು ದಡದಡನೆ ಸುರಿಯಿತು. ಧೂಳು ಅಡಗಿದ ಮೇಲೆ ನೋಡಿದರೆ ಜಗಲಿಯ ಮೇಲೆ ಮೊಣಕಾಲೆತ್ತರದ ಗುಡ್ಡೆ. ಉಂಡೆಯುಂಡೆಯಾದ ಹಿಕ್ಕೆ, ಅದರ ತುಂಬ ಬೀಜ.

ಆಚಾರಿ ಏಣಿಯ ಮೇಲೇ ನಿಂತು ನಗತೊಡಗಿದ. "ಮರಪಟ್ಟಿ ಅಮ್ಮಾ, ಮರಪಟ್ಟಿ! ನಿಮ್ಮ ತಲೆ ಮೇಲೆ ಒಂದು ಎಸ್ಟೇಟೇ ಉಂಟಲ್ಲ!"

ಅವನ ಭಾಷೆಯಲ್ಲಿ ಕಬ್ಬೆಕ್ಕಿಗೆ ಹಾಗೆನ್ನುತ್ತಾರೆ. ನಾನು ಪೊರಕೆ ತಂದು ಎಲ್ಲವನ್ನೂ ಗೊಬ್ಬರದ ಗುಂಡಿಗೆ ತಳ್ಳಲು ಹೊರಟೆ. ಅತ್ತೆ ಅಡ್ಡ ಬಂದರು. ಬೆಳಿಗ್ಗೆಯಿಂದ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದವರು ಈಗ ಬಗ್ಗಿ ನೋಡುತ್ತಿದ್ದರು.

"ಬೀಜ ಕಣವ್ವಾ ಇವು. ತಿಪ್ಪೆಗೆ ಹಾಕಾಕಾಯ್ತದಾ? ನಾಕು ನೀರು ತೊಳುದ್ರೆ ಮುತ್ತಿನಂಗಾಯ್ತವೆ."

"ಹಿಕ್ಕೆ ಅತ್ತೆ ಅದು. ಅವತ್ತು ರೊಟ್ಟಿ ತಳ್ಳಿ ಎದ್ದೋದ್ರಲ್ಲ."

"ರೊಟ್ಟಿ ಮ್ಯಾಲೆ ಬಿದ್ರೆ ಹಿಕ್ಕೆ, ತೊಳುದ್ರೆ ಬೀಜ. ನೀರು ಸೇದು ಹೋಗು."

ಅತ್ತೆಯ ಕಣ್ಣೆದುರು ಕಾಳು ಹಾಳಾಗುವಂತಿರಲಿಲ್ಲ. ಗದ್ದೆಯಲ್ಲಿ ತೆನೆ ಬಿದ್ದರೆ ಕೊಯ್ಲಿನವರ ಹಿಂದೆ ಹೋಗಿ ಆಯ್ದುಕೊಂಡು ಬರುತ್ತಿದ್ದ ಹೆಂಗಸು. ನಾನು ಗೊಣಗುತ್ತ ಬಾವಿಯಿಂದ ಇಪ್ಪತ್ತು ಕೊಡ ನೀರು ಸೇದಿದೆ. ಅವರು ಬೂದಿ ಹಾಕಿ ತಿಕ್ಕಿದರು, ಹೊಟ್ಟು ಸುಲಿಯದಂತೆ ಮೆಲ್ಲಗೆ ಉಜ್ಜಿದರು, ಏಳೆಂಟು ಸಲ ತೊಳೆದರು. ಆಮೇಲೆ ಮೊರಕ್ಕೆ ಹಾಕಿ, ಹಳೆಯ ವರ್ಷಗಳ ಕಪ್ಪು ಬೀಜ, ಒಡೆದದ್ದು, ಹುಳುಕು ಎಲ್ಲ ಆರಿಸಿ ಎಸೆದರು. ಉಳಿದದ್ದು ಈ ವರ್ಷದ ಬೀಜ. ಕಣದಲ್ಲಿ ಎಸ್ಟೇಟಿನವರು ಒಣಗಿಸಿದ ಪಾರ್ಚ್‌ಮೆಂಟಿಗಿಂತ ಚೆನ್ನಾಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಹಿತ್ತಲಿಗೆ ಸಿಲ್ವರ್ ಓಕ್ ಮರದ ನೆರಳು ಬೀಳುತ್ತಿತ್ತು. ಅದಕ್ಕೆ ಚಾಪೆಯನ್ನು ಮುಂದಿನ ಅಂಗಳಕ್ಕೆ ತಂದು ಬಿಸಿಲಿಗೆ ಹರಡಿದವಳು ನಾನು. ಈ ಒಂದು ಕೆಲಸವನ್ನು ಅತ್ತೆಯ ಮೇಲೆ ಹಾಕಲಾರೆ.

ಸಂಜೆ ಬಂದ ಯಜಮಾನರು ಚಾಪೆ ನೋಡಿ ನಕ್ಕರು. "ಅಮ್ಮನ ಕೈಗೆ ಸಿಕ್ರೆ ಕಬ್ಬೆಕ್ಕಿನ ಹಿಕ್ಕೆನೂ ಪಾರ್ಚ್‌ಮೆಂಟೇ ಕಣೇ. ಒಣಗ್ಲಿ, ಗೋದಾಮಿಗೆ ಹಾಕ್ತೀನಿ" ಎಂದರು. ತಾವೇ ಓದಿದ ಹುಕುಂ ಅವರಿಗೂ ನೆನಪಾಗಲಿಲ್ಲ. ನನಗೂ ಆಗಲಿಲ್ಲ. ಮನೆ ಗಲೀಜಾಗಿತ್ತು, ತೊಳೆದೆವು. ಕಾಫಿ ಇಟ್ಟುಕೊಂಡಿದ್ದೇವೆ ಎಂದು ನಮ್ಮ ಮೂವರಲ್ಲಿ ಒಬ್ಬರಿಗೂ ಅನ್ನಿಸಲೇ ಇಲ್ಲ.

ಆಚಾರಿ ಹಲಗೆ ಕೊಯ್ಸಿಕೊಂಡು ಬರುತ್ತೇನೆಂದು ಎರಡು ದಿನ ನಾಪತ್ತೆಯಾದ. ಬುಧವಾರ ಸುಮಾರು ಹತ್ತು ಗಂಟೆಗೆ ನಾನು ಚಾಪೆಯ ಪಕ್ಕದಲ್ಲಿ ಕೂತು ಬೀಜಕ್ಕೆ ಕೈಯಾಡಿಸುತ್ತಿದ್ದೆ. ಕಣದ ದಾರಿಯಿಂದ ದೊರೆ ಬಂದರು. ಹಿಂದೆ ಅವರ ನಾಯಿ, ಅದರ ಹಿಂದೆ ಆಳುಗಳ ದೊಡ್ಡ ಮೇಸ್ತ್ರಿ. ದೊರೆ ಚಾಪೆಯ ಹತ್ತಿರ ನಿಂತರು. ಕೋಲಿನ ತುದಿಯಿಂದ ಬೀಜವನ್ನು ಕೆದಕಿದರು. ಬಗ್ಗಿ ಒಂದು ಹಿಡಿ ಎತ್ತಿ, ಬೆರಳುಗಳ ನಡುವೆ ಸುರಿಸಿ ನೋಡಿದರು. ಅವರ ಮುಖ ಕೆಂಪಗಾಗುತ್ತ ಬಂದದ್ದನ್ನು ಕಂಡಾಗ ಹುಕುಂ ಒಮ್ಮೆಲೇ ನನ್ನ ನೆನಪಿಗೆ ಬಂತು. ಕೆಲಸ ಹೋದರೆ ಮನೆ ಹೋಯಿತು. ಪೊಲೀಸು ಬಂದರೆ ಮಾನ ಹೋಯಿತು. ಊರಿಗೆ ಯಾವ ಮುಖ ಹೊತ್ತು ಹೋಗುವುದು?

ಯಜಮಾನರನ್ನು ಕರೆಸಿದರು. ಇಬ್ಬರೂ ಜಗಲಿಯಲ್ಲಿ ಮೇಜಿನ ಹತ್ತಿರ ನಿಂತು ಇಂಗ್ಲಿಷಿನಲ್ಲಿ ಮಾತಾಡಿದರು. ಏನು ಮಾತಾಡಿದರೆಂದು ಆಮೇಲೆ ಯಜಮಾನರೇ ನನಗೆ ಹೇಳಿದರು. ಈ ಪಾರ್ಚ್‌ಮೆಂಟ್ ಎಲ್ಲಿಂದ ಬಂತು ಎಂದು ದೊರೆ ಕೇಳಿದರಂತೆ. ಮುಚ್ಚಿಗೆಯಿಂದ, ಕಬ್ಬೆಕ್ಕಿನದು ಎಂದು ಇವರು ಹೇಳಿದರಂತೆ. ಬೆಕ್ಕು ಹಣ್ಣು ಸುಲಿದು, ತೊಳೆದು, ಆರಿಸಿ ಇಟ್ಟಿತೋ, ಅದರ ಹತ್ತಿರ ಮಿಷನ್ನು ಇದೆಯೋ ಎಂದು ದೊರೆ ಕೇಳಿದರಂತೆ. ತೊಳೆದದ್ದು ನನ್ನ ತಾಯಿ ಎಂದರಂತೆ ಇವರು. ನನಗೆ ಆಗ ಮಾತು ತಿಳಿಯದಿದ್ದರೂ ದೊರೆ ನಕ್ಕದ್ದು ತಿಳಿಯಿತು. ಅಂಥ ನಗು ಯಾವ ಭಾಷೆಯಲ್ಲೂ ಒಂದೇ.

ದೊಡ್ಡ ಮೇಸ್ತ್ರಿ ಅಲ್ಲೇ ನಿಂತಿದ್ದ. ಇಪ್ಪತ್ತು ವರ್ಷ ಕಾಫಿ ತೋಟದಲ್ಲಿ ಸವೆದ ಮನುಷ್ಯ. ಅವನ ಲೈನಿನ ಹೆಂಗಸರೇ ದಿನಾ ಕಬ್ಬೆಕ್ಕಿನ ಬೀಜ ಬಾಚುತ್ತಿದ್ದರು. ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ತನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡು ನಿಂತ. ದೊರೆಯ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಅವನ ಮೇಲೆ ಬಂತು. ಇವತ್ತಿಗೂ ಆ ಸಿಟ್ಟು ಪೂರ್ತಿ ಇಳಿದಿಲ್ಲ.

ದೊರೆ ಕೈ ಚಾಚಿದರು. ಯಜಮಾನರು ಸೊಂಟದಿಂದ ಬೀಗದ ಕೈಗಳ ಗೊಂಚಲು ಬಿಚ್ಚಿದರು. ದೊರೆಯ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟರು. ಹನ್ನೊಂದು ವರ್ಷ ಆ ಗೊಂಚಲು ಅಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ. ಅದು ಮೇಜಿಗೆ ತಗುಲಿ ಆದ ಸದ್ದು ಕೇಳಿ ಒಳಗಿದ್ದ ಅತ್ತೆ ಬಾಗಿಲಿಗೆ ಬಂದರು.

ಆಮೇಲೆ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎಂದರೆ ಸುಳ್ಳು. ಹಲಸಿನಕಾಯಿ ಕೀಳುವ ದೋಟಿ ಗೋಡೆಗೆ ಒರಗಿತ್ತು. ಅದನ್ನು ಎತ್ತಿಕೊಂಡು ಜಗಲಿ ಹತ್ತಿದೆ. ಮೇಜಿನ ಮೇಲಿನ ಅರ್ಧ ಮುಚ್ಚಿಗೆ ಇನ್ನೂ ಹಾಗೇ ಜೋತಾಡುತ್ತಿತ್ತಲ್ಲ, ಅದರ ಗೋಣಿತಾಟಿಗೆ ದೋಟಿಯ ಕೊಕ್ಕೆ ಸಿಕ್ಕಿಸಿ, ಇದ್ದ ಬಲವನ್ನೆಲ್ಲ ಹಾಕಿ ಜಗ್ಗಿದೆ. "ಏಯ್, ಏನ್ಮಾಡ್ತೀಯೇ!" ಎಂದು ಯಜಮಾನರು ಕೂಗಿದರು. ಅಷ್ಟರಲ್ಲಿ ಎಲ್ಲವೂ ಕೆಳಗೆ ಬಂದಿತ್ತು. ತಟ್ಟಿ, ಸುಣ್ಣ, ಗೆದ್ದಲು, ಇಲಿಗೂಡು, ಮತ್ತೆ ಉಂಡೆಯುಂಡೆ ಹಿಕ್ಕೆ. ದೊರೆಯ ಟೋಪಿಯ ಮೇಲೆ, ಭುಜದ ಮೇಲೆ, ಮೇಜಿನ ಮೇಲೆ, ಬೀಗದ ಕೈಗಳ ಮೇಲೆ. ನಾಯಿ ಸೀನುತ್ತ ಅಂಗಳಕ್ಕೆ ಓಡಿತು.

ಅತ್ತೆ ಬಾಗಿಲಲ್ಲೇ ನಿಂತು, ದೊರೆಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ಯೋಚಿಸದೆ, "ನೋಡಪ್ಪಾ, ತೊಳೀದಿದ್ರೆ ಹಿಂಗಿರ್ತದೆ" ಎಂದರು.

ದೊರೆ ಟೋಪಿ ತೆಗೆದು ಕೊಡವಿದರು. ಒಂದು ಉಂಡೆಯನ್ನು ಕೋಲಿನಿಂದ ಒಡೆದರು. ಒಳಗೆ ಸಾಲಾಗಿ ಅಂಟಿಕೊಂಡಿದ್ದ ಬೀಜಗಳನ್ನು ನೋಡಿದರು, ಅಂಗಳದ ಚಾಪೆಯನ್ನು ನೋಡಿದರು, ಮತ್ತೆ ಉಂಡೆಯನ್ನು ನೋಡಿದರು. ಆಗ ಮೇಸ್ತ್ರಿಗೆ ಬಾಯಿ ಬಂತು. ಹೌದು ದೊರೆ, ಬೆಕ್ಕೇ, ಇಲ್ಲೆಲ್ಲ ಹಾಗೇ ಎಂದು ತಮಿಳಿನಲ್ಲಿ ಗಳಹತೊಡಗಿದ. ದೊರೆ ಅವನ ಕಡೆ ತಿರುಗಲಿಲ್ಲ. ಯಜಮಾನರಿಗೆ ಎರಡು ಮಾತು ಹೇಳಿ, ಬೀಗದ ಕೈಗಳನ್ನು ಕೋಲಿನಿಂದ ಅವರ ಕಡೆ ಸರಿಸಿ, ಮೆಟ್ಟಿಲಿಳಿದು ಹೋದರು. ತಪ್ಪಾಯಿತು ಎನ್ನಲಿಲ್ಲ. ಚಾಪೆಯ ಮೇಲಿನ ಬೀಜ ಎಸ್ಟೇಟಿನದೇ ಆದ್ದರಿಂದ ಅದನ್ನು ಗೋದಾಮಿಗೆ ಸೇರಿಸಬೇಕೆಂದು ಹೇಳಿದ್ದರಂತೆ, ಅಷ್ಟೆ. ಹಾಗಾಗಿ ಅತ್ತೆ ತೊಳೆದ ಬೀಜವೂ ಉಳಿದದ್ದರ ಜೊತೆ ತಲಚೇರಿ ಬಂದರಿನ ಗಾಡಿ ಹತ್ತಿತು. ದೊರೆಗಳ ಸೀಮೆಯಲ್ಲಿ ಯಾವ ದೊಡ್ಡಮನುಷ್ಯರು ಅದನ್ನು ಬಾಯಿ ಚಪ್ಪರಿಸಿ ಕುಡಿದರೋ, ನಮಗಂತೂ ಒಂದು ಲೋಟವೂ ಇಲ್ಲ.

ನಾನು ಗೆದ್ದೆ ಎಂದುಕೊಂಡಿದ್ದೆ. ಲೈನಿನ ಹೆಂಗಸರು ಅದನ್ನೇ ಹೇಳಿಕೊಂಡು ಒಂದು ವಾರ ನಕ್ಕರು, ನಾನೂ ಅವರ ಜೊತೆ ನಕ್ಕೆ. ಆದರೆ ಆ ಮಧ್ಯಾಹ್ನ ಯಜಮಾನರು ಊಟಕ್ಕೆ ಕೂತವರು ಅನ್ನ ಕಲಸಿ ಹಾಗೇ ಬಿಟ್ಟರು. ಏನಾಯಿತೆಂದು ಕೇಳಿದೆ.

"ಅವ್ರು ಹಿಕ್ಕೆನ ನಂಬುದ್ರು ಕಣೇ. ನನ್ನ ನಂಬ್ಲಿಲ್ಲ" ಎಂದರು.

ತಟ್ಟೆ ಎತ್ತಿಕೊಂಡು ಒಳಗೆ ಹೋಗಿ ಅತ್ತುಬಿಟ್ಟೆ.

ಮಾರನೆಯ ದಿನ ಬಂಗಲೆಯಿಂದ ಹೆಬ್ಬಲಸಿನ ಹಲಗೆಗಳು ಬಂದವು. ದೊರೆ ತಮ್ಮ ಊಟದ ಕೋಣೆಗೆಂದು ಕೊಯ್ಸಿ ಒಣಗಿಸಿ ಇಟ್ಟಿದ್ದವಂತೆ. ತಪ್ಪಾಯಿತು ಎನ್ನಲು ಬಾರದವರು ಹಲಗೆ ಕಳಿಸುತ್ತಾರೆ ಎಂದು ನನಗೆ ಆಗ ಗೊತ್ತಾಯಿತು. ತಾನು ಕೊಯ್ಸಿ ತಂದ ಸಾದಾ ಹಲಗೆಗಳನ್ನು ಆಚಾರಿ ಪಕ್ಕಕ್ಕೆ ಇಟ್ಟು, ಇವನ್ನು ಕೈಯಲ್ಲಿ ಸವರಿ ಸವರಿ ನೋಡಿದ. ನಾಲ್ಕು ದಿನ ಕೂತು ಉಜ್ಜುಗೊರಡು ಹೊಡೆದ, ಒಂದರ ಅಂಚು ಇನ್ನೊಂದರ ಒಳಗೆ ಕೂರುವಂತೆ ಕಚ್ಚು ತೆಗೆದ. ಕೂದಲು ತೂರದ ಹಾಗೆ ಕೆಲಸ ಬಂತು. ಕೊನೆಯ ಹಲಗೆ ಮೇಜಿನ ನೇರಕ್ಕೆ ಬರುವಂಥದ್ದು. ಅದಕ್ಕೆ ಮೊಳೆ ಹೊಡೆಯಲು ಅವನು ಸುತ್ತಿಗೆ ಎತ್ತಿದಾಗ ಯಜಮಾನರು ತಡೆದರು.

"ಅದೊಂದಕ್ಕೆ ಮೊಳೆ ಬೇಡ. ಮೇಲಕ್ಕೆತ್ತಿದ್ರೆ ಬರೋ ಹಂಗಿರ್ಲಿ."

"ಎಂತಕ್ಕೆ ರೈಟರೇ? ಮೊಳೆ ಇಲ್ಲದಿದ್ದರೆ ಮಳೆಗಾಲದಲ್ಲಿ ಹಲಗೆ ಸೆಟೆದುಕೊಳ್ತದೆ. ನನ್ನ ಕೆಲಸ ಕೆಡ್ತದೆ."

"ಕೆಡ್ಲಿ."

ಆಚಾರಿ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ಸುತ್ತಿಗೆ ಕೆಳಗಿಟ್ಟು, ಹಲಗೆಯ ಅಂಚು ಕೆತ್ತಿ ಸುಮ್ಮನೆ ಕೂರಿಸಿದ. ಅವನು ಹೇಳಿದ ಹಾಗೇ ಮಳೆಗಾಲದಲ್ಲಿ ಅದು ಸ್ವಲ್ಪ ಸೆಟೆದು, ಉಳಿದವುಗಳ ನಡುವೆ ಎದ್ದು ಕಾಣುತ್ತಿತ್ತು.

ಅಂದಿನಿಂದ ಪ್ರತಿ ಶನಿವಾರ ಕೆಲಸ ಮುಗಿದ ಮೇಲೆ ಯಜಮಾನರು ಸ್ಟೂಲು ಹಾಕಿ ಹತ್ತಿ, ಆ ಹಲಗೆ ಎತ್ತಿ, ತಲೆ ಒಳಗೆ ಹಾಕಿ, ಎಸ್ಟೇಟಿನ ಬೀಜ ಒಂದಾದರೂ ಬಿದ್ದಿದೆಯೋ ಎಂದು ನೋಡುತ್ತಿದ್ದರು. ನಾನು ಮೊದಮೊದಲು ಛೇಡಿಸುತ್ತಿದ್ದೆ. ನಿಮ್ಮ ಕಬ್ಬೆಕ್ಕು ಕ್ಷೇಮವೇ ಎಂದು ಕೇಳುತ್ತಿದ್ದೆ. ಅವರು ನಗುತ್ತಿರಲಿಲ್ಲ. ಆಮೇಲೆ ರೇಗುತ್ತಿದ್ದೆ, ಯಾರ ಮನೆಯಲ್ಲಾದರೂ ಹೀಗೆ ಉಂಟೇ ಎಂದು. ಕಬ್ಬೆಕ್ಕು ಆ ಹಲಗೆಗಳ ಮೇಲೆ ಮತ್ತೆ ಬರಲೇ ಇಲ್ಲ. ಅತ್ತೆ ತೀರಿಕೊಂಡ ವಾರದಲ್ಲೂ ಯಜಮಾನರು ಸ್ಟೂಲು ಹತ್ತಿದ್ದನ್ನು ಕಂಡ ಮೇಲೆ ನಾನು ರೇಗುವುದನ್ನು ಬಿಟ್ಟೆ. ಹೊತ್ತಿಗೆ ಸರಿಯಾಗಿ ಸ್ಟೂಲು ತಂದು ಮೇಜಿನ ಪಕ್ಕ ಇಡುವುದನ್ನು ರೂಢಿಮಾಡಿಕೊಂಡೆ.

ದೊರೆ ತೋಟ ಮಾರಿ ಸೀಮೆಗೆ ಹೊರಟ ವರ್ಷ ನಾವೂ ಊರಿಗೆ ಹೊರಟೆವು. ಹೊರಡುವ ಮೊದಲು ದೊರೆ ಯಜಮಾನರ ಕೈ ಕುಲುಕಿ, ನಿನ್ನಂಥ ನಂಬಿಕಸ್ತ ಇನ್ನೊಬ್ಬನಿಲ್ಲ ಎಂದು ಒಂದು ಕಾಗದ ಬರೆದುಕೊಟ್ಟರು. ಅದನ್ನು ಇವರು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದರು. ಯಾರಿಗೂ ಓದಿ ಹೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಗಾಡಿಗೆ ಸಾಮಾನೆಲ್ಲ ಏರಿಸಿ ಹಗ್ಗ ಬಿಗಿದಾಗಿತ್ತು. ಹೊಸ ರೈಟರು ಬಂದು ಜಗಲಿಯಲ್ಲಿ ನಿಂತಿದ್ದ. ಬೀಗದ ಕೈ ಕೊಡುವುದೊಂದೇ ಬಾಕಿ. ಯಜಮಾನರು ಸೊಂಟಕ್ಕೆ ಕೈಹಾಕಿದವರು ಹಾಗೇ ನಿಂತು, "ಸ್ಟೂಲೆಲ್ಲಿ?" ಎಂದು ಕೇಳಿದರು.

ಸ್ಟೂಲು ಗಾಡಿಯ ತಳದಲ್ಲಿತ್ತು. ಹಗ್ಗ ಬಿಚ್ಚಿಸಿ, ಎರಡು ಮೂಟೆ ಇಳಿಸಿ, ಅದನ್ನು ಎಳೆದು ತಂದೆ. ಗಾಡಿಯವನು ಬೈದುಕೊಂಡ. ಯಜಮಾನರಿಗೆ ಆಗ ಮಂಡಿ ನೋವು ಬೇರೆ. ಒಂದು ಕೈ ನನ್ನ ಹೆಗಲ ಮೇಲಿಟ್ಟು ಹತ್ತಿದರು. ಹಲಗೆ ಎತ್ತಿ, ತಲೆ ಒಳಗೆ ಹಾಕಿ, ಆ ತುದಿಯಿಂದ ಈ ತುದಿಯವರೆಗೆ ನಿಧಾನವಾಗಿ ನೋಡಿದರು. ಇಳಿದ ಮೇಲೆ ಹಲಗೆ ಮುಚ್ಚಲಿಲ್ಲ.

"ನೀನೂ ಒಂದ್ಸಲ ಹತ್ತಿ ನೋಡೇ" ಎಂದರು.

ಇಷ್ಟು ವರ್ಷದಲ್ಲಿ ಹಾಗೆ ಕೇಳಿದ್ದು ಅದೊಂದೇ ಸಲ. ಹೊಸ ರೈಟರು ನೋಡುತ್ತಿದ್ದಾನಲ್ಲ ಎಂದು ನಾಚಿಕೆಯಾಯಿತು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಒಳಗೆ ಕತ್ತಲೆ. ಹೆಂಚಿನ ಸಂದಿಯಿಂದ ಅಲ್ಲಲ್ಲಿ ಬೆಳಕು, ಒಂದಿಷ್ಟು ಜೇಡರ ಬಲೆ. ಹಲಗೆಗಳ ಮೇಲೆ ತೆಳ್ಳಗೆ ಧೂಳು ಕೂತಿತ್ತು.

"ಏನೂ ಇಲ್ಲ ಕಣ್ರೀ" ಎಂದೆ.

"ಸರಿಯಾಗಿ ನೋಡ್ದಾ?"

"ನೋಡ್ದೆ. ಏನೂ ಇಲ್ಲ."

ಅವರು ಸೊಂಟದಿಂದ ಬೀಗದ ಕೈಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟರು.